ಪ್ಯಾರಾಲಿಂಪಿಕ್ಸ್ ಮತ್ತು ನಮ್ಮ ಶಾಲೆಯ ಮೈದಾನ

(ರೋಜಾದಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಕ್ರೀಡಾ ದಿನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನೌಕರಿಗೆ ಸೇರಿದ ಹೊಸತರಲ್ಲಿ, ಬೇರೊಂದು ಶಾಲೆಯಲ್ಲಿ, ಒಂದು ಕಾಲು ಸೊರಗಿದ ಹುಡುಗನಿದ್ದ. ಓಟದ ದಿನ ನನ್ನ ಬಳಿ ಬಂದು ನಿಂತ. "ಬೇಟಾ, ನೀನು ಇಲ್ಲಿ ಕೂತು ಎಲ್ಲರ ಚಪ್ಪಲಿ ನೋಡಿಕೋ" ಎಂದೆ. ಪ್ರೀತಿಯಿಂದಲೇ ಹೇಳಿದ್ದೆ. ಸಂಜೆಯವರೆಗೆ ಕೂತ, ಒಂದು ಚಪ್ಪಲಿಯೂ ಕಳೆಯಲಿಲ್ಲ. ಮರುವರ್ಷ ಕ್ರೀಡಾ ದಿನ ಅವನು ಶಾಲೆಗೇ ಬರಲಿಲ್ಲ.

ಆಗ ನನಗೆ ಪ್ಯಾರಾಲಿಂಪಿಕ್ಸ್ ವಿಷಯ ಹೆಸರಿಗಷ್ಟೇ ಗೊತ್ತಿತ್ತು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯಲ್ಲಿದ್ದ 16 ಜನರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರು ಅವರು. 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆಯಿತು. 2024ರ ಪ್ಯಾರಿಸ್ ಕೂಟದಲ್ಲಿ ಭಾರತಕ್ಕೆ 29 ಪದಕ ಬಂದವು, ಏಳು ಚಿನ್ನ.

ಪದಕಗಳಿಗಿಂತ ನನಗೆ ಹಿಡಿಸಿದ್ದು ಅಲ್ಲಿನ ನಿಯಮ. ಯಾರ ದೇಹ ಎಷ್ಟು ಕೆಲಸ ಮಾಡುತ್ತದೆ ಎಂದು ಮೊದಲು ಪರೀಕ್ಷಿಸಿ, ಸರಿಸಮಾನರನ್ನು ಒಂದೊಂದು ವರ್ಗಕ್ಕೆ ಸೇರಿಸುತ್ತಾರೆ. ಆಮೇಲೆ ಕನಿಕರಕ್ಕೆ ಅಂಕವಿಲ್ಲ. ಗೆದ್ದವನು ಗೆದ್ದ, ಸೋತವನು ಸೋತ. ನಮ್ಮ ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರಿಗೆ ಕಣ್ಣು ಕಾಣುವುದಿಲ್ಲ. ಜೊತೆ ಓಡುವವರ ಕೈಗೂ ತಮ್ಮ ಕೈಗೂ ಒಂದು ಪಟ್ಟಿ ಕಟ್ಟಿಕೊಂಡು ಓಡುತ್ತಾರೆ. 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದ ಚಿನ್ನ ಅವರದು. ಪಟ್ಟಿಗೆ ಎಷ್ಟು ಖರ್ಚು ಬಂದೀತು, ಹೇಳಿ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರಲ್ಲಿ ಲಂಡನ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಸಲ ಭಾರತಕ್ಕೆ ಬಂದದ್ದು ಅದೊಂದೇ ಪದಕ.

ಈಗ ತಾಯಂದಿರಿಗೆ ಒಂದು ಮಾತು. "ಹೆಣ್ಣುಮಗು, ಅದರಲ್ಲೂ ಕಾಲು ಸರಿಯಿಲ್ಲ, ಮನೆಯಲ್ಲೇ ಇರಲಿ ಟೀಚರ್" ಎಂದು ನೀವು ಹೇಳುವುದನ್ನು ಈ ಗಲ್ಲಿಗಳಲ್ಲೇ ಕೇಳಿದ್ದೇನೆ. ಸಕೀನಾ ಖಾತೂನ್ ಬಂಗಾಳದ ಬಡ ಮನೆಯ ಹುಡುಗಿ. ಚಿಕ್ಕಂದಿನಲ್ಲೇ ಪೋಲಿಯೋ. ಬೆಂಗಳೂರಿಗೆ ಬಂದು ಫರ್ಮಾನ್ ಬಾಷಾ ಅವರ ಬಳಿ ಭಾರ ಎತ್ತುವುದನ್ನು ಕಲಿತರು. ಬಾಷಾ ಅವರೂ ಪೋಲಿಯೋ ಪೀಡಿತರೇ, 2008ರ ಅರ್ಜುನ ಪ್ರಶಸ್ತಿ ಪಡೆದವರು. ಈ ಆಟದಲ್ಲಿ ಬೆಂಚಿನ ಮೇಲೆ ಮಲಗಿ, ಕಬ್ಬಿಣದ ಸರಳನ್ನು ಎದೆಯವರೆಗೆ ಇಳಿಸಿ, ಅಲುಗದೆ ಹಿಡಿದು, ಮತ್ತೆ ತೋಳು ನೇರವಾಗುವಷ್ಟು ಮೇಲೆತ್ತಬೇಕು. ಕಾಲಿನ ಕೆಲಸವೇ ಇಲ್ಲ. ಸಕೀನಾ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಕಿಲೋ ತೂಕದ ವಿಭಾಗದಲ್ಲಿ 93 ಕಿಲೋ ಎತ್ತಿ ಐದನೆಯವರಾದರು. ಪದಕ ಬರಲಿಲ್ಲ, ನಿಜ. ಆದರೆ ನಮ್ಮಲ್ಲಿ ಎಷ್ಟು ಗಂಡಸರು 93 ಕಿಲೋ ಎತ್ತಿಯಾರು?

ದೀನಿನ ಮಾತೂ ಇದಕ್ಕೆ ದೂರವಲ್ಲ. ಹಜರತ್ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್ ಅಂಧರಾಗಿದ್ದರು. ಪ್ರವಾದಿ ಮುಹಮ್ಮದ್ (ಸ) ಅವರನ್ನು ಮನೆಯಲ್ಲಿ ಕೂರಿಸಲಿಲ್ಲ. ಅಜಾನ್ ಕೊಡುವ ಕೆಲಸ ಕೊಟ್ಟರು, ತಾವು ಊರಲ್ಲಿ ಇಲ್ಲದಾಗ ಮದೀನಾದ ಹೊಣೆಯನ್ನೂ ಒಪ್ಪಿಸಿದರು.

ಸರ್ಕಾರದ ಕಾನೂನೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಶಾಲೆಗಳು ಇಂಥ ಮಕ್ಕಳಿಗೆ ಪಾಠದ ಜೊತೆಗೆ ಆಟದ ಅವಕಾಶವನ್ನೂ ಇತರರಂತೆಯೇ ಕೊಡಬೇಕು. ಯುಡಿಐಡಿ ಕಾರ್ಡು ಮಾಡಿಸದವರು ದಯವಿಟ್ಟು ಮಾಡಿಸಿ. "ಕಾರ್ಡು ಮಾಡಿಸಿದರೆ ಹುಡುಗಿಯ ಮದುವೆಗೆ ಅಡ್ಡಿ" ಎಂಬ ಮಾತು ಬಿಡಿ. ಊರಿಗೆ ಗೊತ್ತಿರುವುದನ್ನು ಕಾರ್ಡು ಹೊಸದಾಗಿ ಹೇಳುವುದಿಲ್ಲ.

ಈ ವರ್ಷ ನಮ್ಮ ಪಟ್ಟಿಯಲ್ಲಿ ಮೂರು ಸ್ಪರ್ಧೆ ಸೇರಿಸಿದ್ದೇವೆ: ಕುರ್ಚಿಯಲ್ಲಿ ಕೂತು ಗುಂಡು ಎಸೆತ, ಜೊತೆಗಾರನೊಂದಿಗೆ ಪಟ್ಟಿ ಕಟ್ಟಿ ಓಟ, ಊರುಗೋಲಿನವರ ಐವತ್ತು ಮೀಟರ್ ನಡಿಗೆ. ಬಹುಮಾನ ಎಲ್ಲರಿಗೂ ಇಲ್ಲ, ಮೊದಲ ಮೂವರಿಗೆ ಮಾತ್ರ. ಹೆಸರು ಬರೆಸುವ ವಹಿ ಆಫೀಸಿನಲ್ಲಿ ನನ್ನ ಮೇಜಿನ ಮೇಲಿದೆ. ಚಪ್ಪಲಿ ನೋಡಿಕೊಳ್ಳಲು ಈ ಸಲ ನಾನೇ ಕೂರುತ್ತೇನೆ.