ಹಿತ್ತಾಳೆ ಮರೆಯುವುದಿಲ್ಲ



ಅಮೆರಿಕದ ಬೇಟೆಗಾರರ ಮಾತಿನಲ್ಲಿ ‘ವೈಲ್ಡ್‌ಕ್ಯಾಟ್’ ಎಂದರೆ ಬರೀ ಕಾಡುಬೆಕ್ಕಲ್ಲ. ಯಾವ ಕಾರ್ಖಾನೆಯೂ ತಯಾರಿಸದ, ಹವ್ಯಾಸಿಗಳೇ ತಮಗೆ ಬೇಕಾದಂತೆ ರೂಪಿಸಿಕೊಂಡ ರೈಫಲ್ ತೋಟಾಕ್ಕೂ ಅದೇ ಹೆಸರು. ಅಂಗಡಿಯಲ್ಲಿ ಸಿಗದ ಈ ತೋಟಾಕ್ಕೆ ಹಿತ್ತಾಳೆಯ ಕವಚ ಎಲ್ಲಿಂದ ಬರಬೇಕು? ಅದನ್ನು ಕೋವಿಯೇ ಮಾಡಿಕೊಡುತ್ತದೆ.

1940ರಲ್ಲಿ ಲೈಸಲ್ ಕಿಲ್‌ಬರ್ನ್ ಎಂಬ ಕೋವಿ ಕುಶಲಕರ್ಮಿ, .22 ಹಾರ್ನೆಟ್ ರೈಫಲಿನಲ್ಲಿ ತೋಟಾ ಕೂರುವ ಗೂಡನ್ನು ತುಸು ಅಗಲಿಸಿದರು. ಅದರಲ್ಲಿ ಮಾಮೂಲಿ ಹಾರ್ನೆಟ್ ತೋಟಾ ಇಟ್ಟು ಹಾರಿಸಿದರೆ, ಮದ್ದಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಇಳಿಜಾರಾಗಿದ್ದ ಮೈ ನೆಟ್ಟಗಾಗಿ, ಹೆಗಲು ಎದ್ದು ಕಾಣುವಂತಾಗಿ ಕವಚ ಹೊರಬರುತ್ತದೆ. ಇದಕ್ಕೆ ‘ಫೈರ್ ಫಾರ್ಮಿಂಗ್’ ಎನ್ನುತ್ತಾರೆ. ಹಿಗ್ಗಿದ ಕವಚದಲ್ಲಿ ಮದ್ದು ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ‘ಕೆ-ಹಾರ್ನೆಟ್’ ಸಿದ್ಧ. ಇಂಥ ಕಾಡುಬೆಕ್ಕುಗಳಲ್ಲಿ ಕೆಲವು ನಾಡಿಗೂ ಬಂದವು. ಹವ್ಯಾಸಿಗಳ .22-250 ತೋಟಾವನ್ನು 1965ರಲ್ಲಿ ರೆಮಿಂಗ್ಟನ್ ಕಂಪನಿಯೇ ತಯಾರಿಸತೊಡಗಿತು.

ಆದರೆ ಹಿತ್ತಾಳೆ ತಾನು ಪಟ್ಟ ಪಾಡನ್ನು ಮರೆಯುವುದಿಲ್ಲ. ಪ್ರತಿ ಸಲ ಉಬ್ಬಿ, ಮತ್ತೆ ಅಚ್ಚಿನಲ್ಲಿ ಕುಗ್ಗಿದಾಗಲೂ ಅದು ಗಡುಸಾಗುತ್ತದೆ. ಕೊನೆಗೆ ಕುತ್ತಿಗೆ ಸೀಳುತ್ತದೆ. ಬಿಂದಿಗೆ ಬಡಿಯುವ ಕಂಚುಗಾರ ಲೋಹ ಬಿರುಸಾದಾಗ ಮತ್ತೆ ಬೆಂಕಿಗೆ ಹಿಡಿಯುತ್ತಾನಲ್ಲವೇ? ಇಲ್ಲಿಯೂ ಅದೇ ಉಪಾಯ. ಆದರೆ ಕಾಯಿಸುವುದು ಕುತ್ತಿಗೆ ಮತ್ತು ಹೆಗಲನ್ನು ಮಾತ್ರ. ಬುಡ ಮೆತ್ತಗಾದರೆ ಒತ್ತಡ ತಾಳದೆ ಒಡೆದು, ಬಿಸಿ ಅನಿಲ ಹಾರಿಸುವವನ ಮುಖಕ್ಕೇ ನುಗ್ಗಬಹುದು.

ಈ ಪಾಠದ ಇನ್ನೊಂದು ಅಧ್ಯಾಯ ನಡೆದದ್ದು ಭಾರತದಲ್ಲಿ. 19ನೆಯ ಶತಮಾನದಲ್ಲಿ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ, ಒಮ್ಮೆಯೂ ಹಾರಿಸದ ತೋಟಾಗಳ ಕವಚಗಳು ಬಿರುಕು ಬಿಟ್ಟಿದ್ದವು! ಋತುವಿನ ದೋಷವೆಂದು ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರಿಟ್ಟರು. ನಿಜವಾದ ಕಾರಣ ತಿಳಿದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ಅದನ್ನು ವಿವರಿಸಿದರು. ಕಾರ್ಖಾನೆಯಲ್ಲಿ ತಣ್ಣಗೆ ಎಳೆದು ರೂಪಿಸುವಾಗ ಹಿತ್ತಾಳೆಯೊಳಗೆ ಬಿಗುವು ಉಳಿದಿತ್ತು. ಕುದುರೆಗಳ ಮೂತ್ರದಿಂದ ಎದ್ದ ಅಮೋನಿಯಾ ತೇವದ ಗಾಳಿಯಲ್ಲಿ ಸೇರಿ, ಆ ಬಿಗುವು ಇದ್ದಲ್ಲೇ ಲೋಹವನ್ನು ಸೀಳಿತ್ತು. ಹದವಾಗಿ ಕಾಯಿಸಿ ಬಿಗುವು ಇಳಿಸುವುದೇ ಇದಕ್ಕೂ ಪರಿಹಾರವಾಯಿತು.

ಬಳಸಿದ ತೋಟಾಗಳನ್ನು ಮತ್ತೆ ತುಂಬುವವರು ಪ್ರತಿಯೊಂದು ಕವಚವನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುವುದು ಇದಕ್ಕಾಗಿಯೇ. ಕೂದಲೆಳೆಯ ಬಿರುಕು ಕಂಡರೂ ಆ ಕವಚ ಗುಜರಿಗೆ.