ಹಿಡಿ ದಪ್ಪ ಮಾಡಿದ ಗಿಲಕಿ
(ರಜತ ಮಹೋತ್ಸವ ಸಮಾರಂಭದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ದಿನ ಫ್ಯಾಟು, ಬೋನಸ್ಸು, ಪಶು ಆಹಾರ ಎಲ್ಲ ಬಿಟ್ಟು ಆಟದ ಸಾಮಾನಿನ ಬಗ್ಗೆ ಮಾತಾಡ್ತೀವಿ ಅಂದರೆ ಕೆಲವರಿಗೆ ನಗು ಬರಬಹುದು. ವೇದಿಕೆ ಹತ್ತಿ ರೂಢಿಯಿಲ್ಲದ ಗಂಡ ಹೆಂಡತಿ ನಾವು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮಗಳನ್ನು ನೀವೆಲ್ಲ ಬಲ್ಲಿರಿ. ಅವಳಿಗಿರುವುದು ಸೆರೆಬ್ರಲ್ ಪಾಲ್ಸಿ. ಮೆದುಳಿನಿಂದ ಕೈಕಾಲಿಗೆ ಹೋಗಬೇಕಾದ ಅಪ್ಪಣೆ ಸರಿಯಾಗಿ ಹೋಗುವುದಿಲ್ಲ; ಸ್ನಾಯು ಬಿಗಿಯುತ್ತದೆ, ಮುಷ್ಟಿ ಬಿಡಿಸೋದು, ಹಿಡಿಯೋದು ಎರಡೂ ಕಷ್ಟ. ಮೊದಲ ಹುಟ್ಟುಹಬ್ಬಕ್ಕೆ ಚನ್ನಪಟ್ಟಣದಿಂದ ಒಂದು ಗಿಲಕಿ ತಂದಿದ್ದೆವು. ಕೈಗೆ ಕೊಟ್ಟರೆ ಬಿತ್ತು. ಎತ್ತಿ ಕೊಟ್ಟೆವು, ಮತ್ತೆ ಬಿತ್ತು. ಹೀಗೆ ನಾಲ್ಕಾರು ದಿನ ನಡೆದ ಮೇಲೆ ಮಗು ಗಿಲಕಿಯ ಕಡೆ ನೋಡೋದನ್ನೇ ಬಿಟ್ಟಳು. "ಪಾಪ, ಆ ಕೂಸಿಗೆ ಆಟ ತಿಳಿಯೋದಿಲ್ಲ" ಅಂತ ಬಂದವರು ಅಂದರು. ಹೇಳೋಕೆ ನಾಚಿಕೆಯಾಗುತ್ತೆ, ನಾವೂ ಒಂದು ವರ್ಷ ಅದನ್ನೇ ನಂಬಿದ್ದೆವು. ಗಿಲಕಿ ಅಟ್ಟಕ್ಕೆ ಹೋಯಿತು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಒಬ್ಬ ತಾಯಿ ಒಂದು ದಿನ ಅದನ್ನು ಕೆಳಗಿಳಿಸಿ, ಹಿಡಿಗೆ ಹಳೆ ಪಂಚೆಯ ಚೂರು ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಏರಿಸಿದರು. ಅಷ್ಟೇ ಕೆಲಸ. ಬೆರಳಿನಷ್ಟು ಸಣ್ಣಗಿದ್ದ ಹಿಡಿ ಸೌತೆಕಾಯಿಯಷ್ಟು ದಪ್ಪವಾಯಿತು, ರಬ್ಬರಿನಿಂದ ಜಾರುವುದೂ ನಿಂತಿತು. ಮಗಳು ಹಿಡಿದಳು. ಆ ಮಧ್ಯಾಹ್ನವೆಲ್ಲ ಅವಳು ಅದನ್ನು ಅಲ್ಲಾಡಿಸಿದ ಸದ್ದಿಗೆ ಕೊಟ್ಟಿಗೆಯಲ್ಲಿ ಹಸು ಬೆದರಿ ಸಂಜೆ ಅರ್ಧ ಲೀಟರು ಹಾಲು ಕಮ್ಮಿ ಕೊಟ್ಟಿತು. ಕಾರ್ಯದರ್ಶಿಗಳು ಯಾಕೆ ಅಂತ ಕೇಳಿದ್ದು ನಮಗಿನ್ನೂ ನೆನಪಿದೆ.

ಆಮೇಲೆ ಚನ್ನಪಟ್ಟಣಕ್ಕೇ ಹೋದೆವು. ಅಲ್ಲಿ ಆಲೆಮರದ ತುಂಡನ್ನು ಲೇತ್ ಮೇಲೆ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆಲೆ ಮೆದು ಮರ, ಬೇಕಾದ ಆಕಾರಕ್ಕೆ ಬರುತ್ತೆ. ಹಿಡಿ ದಪ್ಪವಿರಲಿ, ನಡುವೆ ಸೊಂಟದ ಹಾಗೆ ತಗ್ಗಿರಲಿ ಅಂತ ಕೇಳಿದೆವು. ಹಿರಿಯ ಕೆಲಸಗಾರರು ಮಗಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, ಅಳತೆಪಟ್ಟಿ ಮುಟ್ಟದೆ ಕಡೆದುಕೊಟ್ಟರು. ದುಡ್ಡು ಮಾಮೂಲಿನಷ್ಟೇ.

ನಮ್ಮ ತಪ್ಪನ್ನೂ ಹೇಳಬೇಕು. ಉತ್ಸಾಹದಲ್ಲಿ ಒಂದು ಬಟ್ಟೆ ಪಟ್ಟಿಗೆ ಗೆಜ್ಜೆ ಹೊಲಿದು ಮಗಳ ಮಣಿಕಟ್ಟಿಗೆ ಕಟ್ಟಿದೆವು. ದಾರ ಸವೆದು ಒಂದು ಗೆಜ್ಜೆ ಕಳಚಿತು, ಬಾಯಿಗೆ ಹೋಯಿತು. ಅಜ್ಜಿ ನೋಡಿದ್ದರಿಂದ ಬೆರಳಿಗೆ ಸಿಕ್ಕಿತು. ಆವತ್ತಿನಿಂದ ಒಂದೂಕಾಲು ಅಂಗುಲದ ತೂತಿನಲ್ಲಿ ನುಸುಳುವ ಯಾವ ಸಾಮಾನನ್ನೂ, ಕಳಚಿಕೊಳ್ಳುವ ಯಾವ ಚೂರನ್ನೂ ಸಣ್ಣ ಮಕ್ಕಳ ಕೈಗೆ ಕೊಡುವುದಿಲ್ಲ. ಬಾಯಿಗೆ ಹಾಕುವ ಅಭ್ಯಾಸವಿದ್ದರೆ ದೊಡ್ಡ ಮಕ್ಕಳಿಗೂ ಇದೇ ಕಟ್ಟು. ವಾರಕ್ಕೊಮ್ಮೆ ಹೊಲಿಗೆ ಎಳೆದು ನೋಡ್ತೀವಿ.

ಬ್ಯಾಟರಿ ಆಟಿಕೆಯದು ಬೇರೆ ತೊಡಕು. ತಮಟೆ ಬಡಿಯುವ ಕೋತಿ ಇತ್ತು, ಆದರೆ ಅದರ ಗುಂಡಿ ಕಡಲೆಕಾಳಿನಷ್ಟು. ರೇಡಿಯೋ ರಿಪೇರಿಯ ಹುಡುಗ ದಾರಿ ತೋರಿಸಿದ. ಎರಡು ತೆಳು ತಾಮ್ರದ ಹಾಳೆ, ಮಧ್ಯೆ ರಟ್ಟು, ಒಂದೊಂದು ಹಾಳೆಗೆ ಒಂದೊಂದು ವೈರು. ಇದನ್ನು ಸೆಲ್ಲಿಗೂ ಅದು ತಾಗುವ ತಗಡಿಗೂ ನಡುವೆ ಸಿಕ್ಕಿಸಿದರೆ ಕರೆಂಟು ಅಲ್ಲಿ ಕಡಿಯುತ್ತದೆ. ವೈರಿನ ಇನ್ನೊಂದು ತುದಿಗಳನ್ನು ಅಂಗೈಯಗಲದ ಒಂದು ಸ್ವಿಚ್ಚಿಗೆ ಕೊಡಬೇಕು. ಕೋತಿಯ ಗುಂಡಿಯನ್ನು ಆನ್ ಮಾಡಿಯೇ ಇಟ್ಟರೆ, ಅಗಲದ ಸ್ವಿಚ್ಚನ್ನು ಮೊಣಕೈಯಿಂದಲೋ ತಲೆಯಿಂದಲೋ ಒತ್ತಿದಾಗ ಕೋತಿ ಬಡಿಯುತ್ತದೆ, ಬಿಟ್ಟಾಗ ಸುಮ್ಮನಾಗುತ್ತದೆ. ಸೆಲ್ ತೆಗೆದು ಹಾಕಿದರೆ ಮತ್ತೆ ಗುಂಡಿ ಒತ್ತಿಯೇ ಶುರುಮಾಡಬೇಕಾದ ಆಟಿಕೆಗೆ ಈ ಉಪಾಯ ನಡೆಯದು. ಗೋಡೆಯ ಕರೆಂಟಿನ ಸಾಮಾನಿಗಂತೂ ಯಾರೂ ಕೈ ಹಾಕಬೇಡಿ. ಮಗಳು ಮೊದಲ ಸಲ ಒತ್ತಿ, ಕೋತಿ ಬಡಿದು, ಕೈ ತೆಗೆದು, ಅದು ನಿಂತಾಗ ನಮ್ಮ ಮುಖ ನೋಡಿದಳು. "ಮಾಡಿದ್ದು ನಾನೇನಾ?" ಅನ್ನುವ ನೋಟ. ಆಟ ತಿಳಿಯೋದಿಲ್ಲ ಅಂದಿದ್ದೆವಲ್ಲ!

ಈ ಸುದ್ದಿ ಹರಡಿ, ಕಣ್ಣು ಕಾಣದ ಒಬ್ಬ ಹುಡುಗನನ್ನು ಅವರಮ್ಮ ಕರೆದುಕೊಂಡು ಬಂದರು. ಅವನಿಗೆ ನಾವು ಏನನ್ನೂ ಮಾರ್ಪಡಿಸಲೇ ಇಲ್ಲ. ಅಜ್ಜಿಯ ಅಳಗುಳಿಮಣೆ ಇಟ್ಟೆವು: ಹದಿನಾಲ್ಕು ಗುಳಿ, ಹುಣಸೆಬೀಜ, ಎಲ್ಲ ಬೆರಳಿನ ಲೆಕ್ಕ. ಎರಡನೇ ವಾರಕ್ಕೆ ಅಜ್ಜಿಯನ್ನೇ ಸೋಲಿಸಿದ. ಈಗ ಅವನಿಗೆ ಕ್ರಿಕೆಟ್ ಹುಚ್ಚು. ಅಂಧರ ಕ್ರಿಕೆಟ್ಟಿನ ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಗುಂಡುಗಳಿದ್ದು ಗಲಗಲ ಸದ್ದು ಮಾಡುತ್ತದೆ; ಕೈ ಕೆಳಗಿನಿಂದ ಎಸೆಯುತ್ತಾರೆ. 2012ರಲ್ಲಿ ಬೆಂಗಳೂರಿನಲ್ಲೇ ನಡೆದ ಅಂಧರ ಟಿ-ಟ್ವೆಂಟಿ ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕ ನಮ್ಮ ರಾಜ್ಯದ ಶೇಖರ್ ನಾಯ್ಕ. ಹುಡುಗನಿಗೆ ಆ ಕಥೆ ಎಷ್ಟು ಸಲ ಹೇಳಿದರೂ ಸಾಲದು.

1995ರ ಕಾಯಿದೆಯಲ್ಲಿ ಅಂಗವೈಕಲ್ಯದ ಬಗೆಗಳು ಏಳಿದ್ದವು. 2016ರ ಕಾಯಿದೆಯಲ್ಲಿ ಇಪ್ಪತ್ತೊಂದಾಗಿವೆ. ಕಾಗದದ ಮೇಲೆ ಪಟ್ಟಿ ಬೆಳೆಯಿತು, ಸಂತೋಷ. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಕೂತ ಮಕ್ಕಳು ಈ ಊರಿನಲ್ಲಿ ಇನ್ನೂ ಇದ್ದಾರೆ. ಯಾರ ಮನೆ ಅಂತ ಹೇಳೋದಿಲ್ಲ. ನಾವೂ ಹಾಗೇ ಬಾಗಿಲು ಹಾಕಿದ್ದವರೇ.

ಅದಕ್ಕೇ ಸಂಘದ ಮುಂದೆ ಒಂದು ಕೋರಿಕೆ. ಡೈರಿಯಲ್ಲಿ ಹಾಲು ಅಳೆಯುವ ಮೇಜಿನ ಹಿಂದೆ ಹಳೆ ರಿಜಿಸ್ಟರುಗಳ ಬೀರು ಇದೆಯಲ್ಲ, ಅದರ ಕೆಳಗಿನ ಎರಡು ಅರೆ ನಮಗೆ ಬಿಟ್ಟುಕೊಡಿ. ಹದಿನೆಂಟು ಆಟಿಕೆ ನಮ್ಮಲ್ಲಿ ಸಿದ್ಧವಾಗಿವೆ. ಹಾಲು ಹಾಕೋಕೆ ಬಂದ ತಾಯಂದಿರು ಒಂದು ಒಯ್ಯಲಿ, ಹದಿನೈದು ದಿನಕ್ಕೆ ಬಟವಾಡೆಗೆ ಬಂದಾಗ ತೊಳೆದು ತಂದು ಇನ್ನೊಂದು ಒಯ್ಯಲಿ. ಹೆಸರು ಬರೆಸಬೇಕಾಗಿಲ್ಲ, ಆಟಿಕೆಯ ನಂಬರು ಸಾಕು. ಮುರಿದರೆ ದಂಡ ಬೇಡ, ಚೂರುಗಳನ್ನು ಮಾತ್ರ ಒಂದೂ ಬಿಡದೆ ವಾಪಸು ತನ್ನಿ. ಭಾನುವಾರ ಹಾಲಿನ ಹೊತ್ತು ಮುಗಿದ ಮೇಲೆ ರಿಪೇರಿಗೆ ನಾವಿಬ್ಬರೂ ಜಗಲಿಯ ಮೇಲೆ ಕೂತಿರುತ್ತೇವೆ. ಹಳೆ ಸೈಕಲ್ ಟ್ಯೂಬು ಇದ್ದವರು ಎಸೆಯದೆ ತಂದುಕೊಡಿ.