ಭಾವನೆ ಮತ್ತು ಮಿದುಳಿನ ಎರಡು ಪಾರ್ಶ್ವಗಳು

ಮಿದುಳಿನ ಎಡಭಾಗ ತರ್ಕಕ್ಕೆ, ಬಲಭಾಗ ಭಾವನೆಗೆ ಮೀಸಲು ಎಂಬ ಮಾತು ಬಹಳ ಸಲೀಸಾಗಿ ಹಬ್ಬಿದೆಯಾದರೂ, ನರವೈದ್ಯರು ರೋಗಿಗಳಲ್ಲಿ ಕಂಡದ್ದು ಅಷ್ಟು ಸರಳವಾಗಿಲ್ಲ. ಅರ್ಧಗೋಳಗಳೆಂದು ಕರೆಯುವ ಈ ಎರಡು ಭಾಗಗಳನ್ನು ಸುಮಾರು 20 ಕೋಟಿ ನರತಂತುಗಳ ದಪ್ಪ ಪಟ್ಟಿಯಾದ ಕಾರ್ಪಸ್ ಕ್ಯಾಲೋಸಮ್ ಬೆಸೆದಿರುವುದರಿಂದ, ಆರೋಗ್ಯವಂತರಲ್ಲಿ ಯಾವ ಭಾವನೆಯೂ ಒಂದೇ ಪಕ್ಕಕ್ಕೆ ಸೀಮಿತವಾಗುವುದಿಲ್ಲ. ವ್ಯತ್ಯಾಸ ಎದ್ದು ಕಾಣುವುದು ಒಂದು ಪಾರ್ಶ್ವಕ್ಕೆ ಪೆಟ್ಟಾದಾಗ.

ಇಟಲಿಯ ನರತಜ್ಞ ಗ್ವಿದೊ ಗೈನೊಟ್ಟಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಡ ಅರ್ಧಗೋಳಕ್ಕೆ ಹಾನಿಯಾದವರು ಕಂಗೆಟ್ಟು ಅಳುವುದು ಹೆಚ್ಚಾಗಿ ಕಂಡರೆ, ಬಲಕ್ಕೆ ಹಾನಿಯಾದವರಲ್ಲಿ ತಮ್ಮ ಸ್ಥಿತಿಯ ಬಗ್ಗೆಯೇ ಒಂದು ಬಗೆಯ ನಿರ್ಲಕ್ಷ್ಯ ಕಂಡುಬಂದಿತು. ಇಂಥ ಗಮನಿಕೆಗಳು ಎಡವು ಸುಖದ, ಬಲವು ದುಃಖದ ನೆಲೆ ಎಂಬ ಊಹೆಗೆ ಪುಷ್ಟಿ ಕೊಟ್ಟವು; ಎಡಕ್ಕೆ ಪೆಟ್ಟಾದಾಗ ಮಾತೇ ಬಿದ್ದುಹೋಗುವುದುಂಟಾದ್ದರಿಂದ, ಆ ಅಳುವಿಗೆ ಬೇರೆ ಕಾರಣ ಹುಡುಕಬೇಕೇ ಎಂದು ಕೇಳುವುದೂ ನ್ಯಾಯವೇ. ಈ ಊಹೆಗೆ ದೊಡ್ಡ ತೊಡಕಾದದ್ದು ಸಿಟ್ಟು. ಅದು ಅಹಿತಕರ ಭಾವನೆಯಾದರೂ, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದ ಹಲವು ಪ್ರಯೋಗಗಳಲ್ಲಿ ಎಡ ಮುಂಭಾಗದ ಚಟುವಟಿಕೆಯೊಂದಿಗೆ ಕೂಡಿಕೊಂಡಿತು. ಆದಕಾರಣ ಕೆಲವು ಸಂಶೋಧಕರು, ಎದುರಿಗಿರುವುದರತ್ತ ನುಗ್ಗುವ ಪ್ರವೃತ್ತಿ ಎಡಕ್ಕೂ ಹಿಂಜರಿಯುವ ಪ್ರವೃತ್ತಿ ಬಲಕ್ಕೂ ಸೇರಿದ್ದೆಂದು ವಿವರಿಸತೊಡಗಿದರು. ಸಿಟ್ಟುಬಂದವನು ಸಾಮಾನ್ಯವಾಗಿ ಮುನ್ನುಗ್ಗುವವನೇ ತಾನೆ.

ಬಲ ಅರ್ಧಗೋಳದ ಪಾತ್ರ ಇದಕ್ಕಿಂತ ಖಚಿತವಾಗಿ ತಿಳಿಯುವುದು ದನಿಯ ಏರಿಳಿತದಲ್ಲಿ, ಅಂದರೆ ನಮ್ಮ ಅಲಂಕಾರಶಾಸ್ತ್ರ ಕಾಕು ಎಂದು ಗುರುತಿಸಿದ ಸ್ವರವಿಕಾರದಲ್ಲಿ. ಅಮೆರಿಕದ ಎಲಿಯಟ್ ರಾಸ್ ಮತ್ತು ಮಾರ್ಸೆಲ್ ಮೆಸುಲಮ್ 1979ರಲ್ಲಿ ವರ್ಣಿಸಿದ ಶಾಲಾ ಶಿಕ್ಷಕಿಯೊಬ್ಬರಿಗೆ ಮಿದುಳಿನ ಬಲ ಅರ್ಧಗೋಳದಲ್ಲಿ ಪಾರ್ಶ್ವವಾಯುವಿನ ಆಘಾತವಾದ ನಂತರ ಪದ, ವ್ಯಾಕರಣಗಳೆಲ್ಲ ಉಳಿದಿದ್ದರೂ ದನಿ ಸಪಾಟಾಗಿ, ಗದರಿಸಿದರೂ ಗದರಿಕೆಯಂತೆ ಕೇಳಿಸದೆ, ತರಗತಿಯ ಮಕ್ಕಳು ಹಿಡಿತ ತಪ್ಪಿದರು; ತಮಗೆ ನಿಜವಾಗಿಯೂ ಸಿಟ್ಟು ಬಂದಿದೆಯೆಂದು ಅವರು ಬಾಯಿಬಿಟ್ಟು ಹೇಳಬೇಕಾಯಿತು. ಸಿಟ್ಟು ಒಳಗಿತ್ತು, ಹೊರಬರುವ ದಾರಿ ಮುಚ್ಚಿತ್ತು. ಬಲಭಾಗದ ಹಿಂಬದಿಗೆ ಹಾನಿಯಾದ ಕೆಲವರಿಗಾದರೋ ಇತರರ ದನಿಯಲ್ಲಿರುವುದು ವ್ಯಂಗ್ಯವೋ ಮರುಕವೋ ತಿಳಿಯದು. ಆ ಶಿಕ್ಷಕಿಯಂತೆ ದನಿ ಸಪಾಟಾದ ರೋಗಿಗಳು ಖಿನ್ನತೆಗೆ ಒಳಗಾದರೂ ದನಿ ಮತ್ತು ಮುಖಗಳಲ್ಲಿ ಅದರ ಸುಳಿವು ಸಿಗದಿರಬಹುದಾದ್ದರಿಂದ, ಮನೆಯವರು ಅದನ್ನು ನಿರ್ಲಿಪ್ತತೆಯೆಂದು ಭಾವಿಸದಂತೆ ಎಚ್ಚರಿಸುವುದೂ, ರೋಗಿಯ ಮನಃಸ್ಥಿತಿ, ನಿದ್ರೆ, ಹಸಿವುಗಳನ್ನು ನೇರವಾಗಿ ಕೇಳಿ ತಿಳಿಯುವುದೂ ವೈದ್ಯರ ಕೆಲಸವಾಗುತ್ತದೆ.